ಹೆಸರು ಹಿಡಿದು ಕರೆಯದ ಮನೆ

ಆಗೆಲ್ಲ ನಮ್ಮ ಹೆಂಗಸರು ಹೆಸರು ಹೇಳುತ್ತಿರಲಿಲ್ಲ. ಗಂಡನ ಹೆಸರಂತೂ ಇಲ್ಲವೇ ಇಲ್ಲ. ಮಾವ, ಮಾವನ ಅಣ್ಣತಮ್ಮಂದಿರು, ಗಂಡನ ಅಣ್ಣ, ಇವರ ಹೆಸರುಗಳೂ ಅವರ ಬಾಯಿಗೆ ಬರುವಂತಿರಲಿಲ್ಲ. ಮುದ್ದೇಬಿಹಾಳದ ಕಡೆಯಿಂದ ಗೋವೆಗೆ ಗೌಂಡಿ ಕೆಲಸಕ್ಕೆ ಬಂದ ಮನೆಗಳು ರೊಟ್ಟಿ ಹಂಚು, ಖಾರದ ಡಬ್ಬಿಗಳ ಜೊತೆ ಈ ನೇಮವನ್ನೂ ಗಂಟು ಕಟ್ಟಿಕೊಂಡು ಬಂದಿದ್ದವು. ಊರಲ್ಲಿ ಅದರಿಂದ ಯಾರಿಗೂ ತೊಂದರೆ ಇರಲಿಲ್ಲ. ಯಾರ ಹೆಂಡತಿ ಯಾರು ಎಂದು ಊರಿಗೆಲ್ಲ ಗೊತ್ತಿತ್ತು. ನಾವು ಬಂದು ನೆಲೆಸಿದ ಗೋವೆಯ ಮ್ಹಾಪಸಾದಲ್ಲಿ ಯಾರಿಗೂ ಏನೂ ಗೊತ್ತಿರಲಿಲ್ಲ. ರೇಷನ್ ಅಂಗಡಿಯವನು ಕೇಳುತ್ತಿದ್ದ, ಶಾಲೆಯ ಟೀಚರಬಾಯಿ ಕೇಳುತ್ತಿದ್ದರು, ಪೋಲಿಯೊ ಹನಿ ಹಾಕಲು ಬಂದವರು ಕೇಳುತ್ತಿದ್ದರು: ಗಂಡನ ಹೆಸರೇನು? ಅವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡು ನನ್ನ ಬೆನ್ನಿಗೆ ತಿವಿಯುತ್ತಿದ್ದಳು.

"ಹೇಳ ರೇಣಿ."

"ಹನಮಂತ" ಎಂದು ನಾನು ಹೇಳುತ್ತಿದ್ದೆ.

ಮನೆಯಲ್ಲಿ ನನಗಿದ್ದ ಮುಖ್ಯ ಕೆಲಸ ಅದೇ. ಅಂಗಳದಲ್ಲಿ ಕುಂಟಬಿಲ್ಲೆ ಆಡುವಾಗ ನನ್ನ ಬಿಲ್ಲೆ ಕೊನೆಯ ಮನೆಗೆ ಬಿದ್ದಿರುತ್ತಿತ್ತು; ಅಷ್ಟರಲ್ಲಿ ಅವ್ವ ಕೂಗುತ್ತಿದ್ದಳು, ಯಾರಿಗೋ ಹೆಸರು ಹೇಳಬೇಕಿತ್ತು. ಓಡಿ ಹೋಗಿ ಹೇಳಿ ಬರುವಷ್ಟರಲ್ಲಿ ಉಳಿದ ಹುಡುಗಿಯರು ನನ್ನ ಮನೆ ಅಳಿಸಿರುತ್ತಿದ್ದರು. ಒಂದು ಹೆಸರು ಹೇಳಲು ದೊಡ್ಡವರಿಗೆ ಏನು ಕಷ್ಟ ಎಂದು ನನಗೆ ಅಳು ಬರುವಷ್ಟು ಸಿಟ್ಟು ಬರುತ್ತಿತ್ತು. ಅವ್ವ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದ್ದಳು. ಮಾವನ ಹೆಸರು ಸಂಗಪ್ಪ ಎಂಬ ಕಾರಣಕ್ಕೆ ಊರವರೆಲ್ಲ ಸಲೀಸಾಗಿ ಆಡುವ 'ಸಂಗಾಟ' ಎಂಬ ಮಾತನ್ನೂ ಬಿಟ್ಟಿದ್ದಳು. "ನನ್ನ ಜೋಡಿ ಬಾ" ಎನ್ನುತ್ತಿದ್ದಳೇ ಹೊರತು "ನನ್ನ ಸಂಗಾಟ ಬಾ" ಎಂದು ಒಮ್ಮೆಯೂ ಅಂದವಳಲ್ಲ.

ಆ ಸಂಗಪ್ಪ ನನ್ನ ಮುತ್ತ್ಯಾ, ಅಂದರೆ ಅಪ್ಪನ ಅಪ್ಪ. ತಮ್ಮ ಹುಟ್ಟುವ ಮೊದಲೇ ತೀರಿಕೊಂಡಿದ್ದ. ಮುಂದೆ ಹುಟ್ಟುವ ಗಂಡಿಗೆ ಅವನ ಹೆಸರು ಇಡುವುದು ಕೂತು ಮಾತಾಡಿ ತೀರ್ಮಾನಿಸುವ ವಿಷಯವೇ ಆಗಿರಲಿಲ್ಲ. ನಾಲ್ಕು ಊರು ಕಂಡವನಾದ ಅಪ್ಪ, ಕಾಗದದ ಮೇಲೆ ಮಾತ್ರ ಅದನ್ನು ಸಂಗಮೇಶ ಎಂದು ಬರೆಸಿದ. ಬರೆಸಿದ್ದಷ್ಟೇ. ಆ ಹೆಸರಿನಿಂದ ಅವನನ್ನು ಕರೆಯಬಲ್ಲ ದೊಡ್ಡವರು ಮನೆಯಲ್ಲಿ ಯಾರೂ ಇರಲಿಲ್ಲ. ಅವ್ವನಿಗೆ ಅದು ಮಾವನ ಹೆಸರು. ಅಪ್ಪನಿಗೆ ಹೆತ್ತ ತಂದೆಯ ಹೆಸರು. ಊರಲ್ಲಿದ್ದ ಆಯಿಗೆ, ಅಂದರೆ ಅಪ್ಪನ ಅವ್ವನಿಗೆ, ಗಂಡನ ಹೆಸರು. ಹಾಗಾಗಿ ಎಲ್ಲರೂ ಅವನನ್ನು ಮುತ್ತ್ಯಾ ಎಂದೇ ಕರೆದರು. ಎಲ್ಲರೂ ಕರೆದದ್ದಕ್ಕೆ ನಾನೂ ಕರೆದೆ.

ಬರೀ ಕರೆಯುವುದಾಗಿದ್ದರೆ ನನ್ನ ತಕರಾರು ಇರಲಿಲ್ಲ. ಅವನನ್ನು ಅಜ್ಜನಂತೆಯೇ ನಡೆಸಿಕೊಳ್ಳುತ್ತಿದ್ದರು. ಮೊದಲ ತಾಟು ಅವನಿಗೆ. ಅಪ್ಪ ಬೆಳಿಗ್ಗೆ ಕರಣೆ, ತೂಗುಗುಂಡು ಚೀಲಕ್ಕೆ ಹಾಕಿಕೊಂಡು ಬಾಗಿಲಲ್ಲಿ ನಿಂತು, "ಹೋಗಿ ಬರ್ಲ್ಯಾ ಮುತ್ತ್ಯಾ?" ಎಂದು ಕೇಳುತ್ತಿದ್ದ. ಮೂಗು ಸೋರಿಸಿಕೊಂಡು ಚಹಾದಲ್ಲಿ ಪಾವು ಅದ್ದುತ್ತಿದ್ದ ನಾಲ್ಕು ವರ್ಷದ ಹುಡುಗ, "ಹೂಂ, ಲಗೂ ಬಾ" ಎನ್ನುತ್ತಿದ್ದ. ಅಪ್ಪ ಹೊರಡುತ್ತಿದ್ದ. ಅವನ ಮೇಲೆ ಯಾರೂ ಕೈ ಮಾಡುವಂತಿರಲಿಲ್ಲ. ನನ್ನ ಐದು ಕಲ್ಲಿನಾಟದ ಒಳ್ಳೆಯ ಕಲ್ಲುಗಳನ್ನು ಅವನು ಚರಂಡಿಗೆ ಎಸೆದಾಗ ನಾನು ಒಂದು ಬಿಟ್ಟೆ. ನನಗೆ ಅವ್ವನಿಂದ ಎರಡು ಬಿದ್ದವು. "ಹಿರ್ಯಾರನ್ನ ಬಡೀತಾರೇನ?" ಎಂದು ಅವ್ವ ನಗದೆ ಕೇಳಿದಳು.

ಆ ವರ್ಷದ ಮಳೆ ಹಿಡಿದದ್ದು ಬಿಡಲಿಲ್ಲ. ನಾನು ನಾಲ್ಕನೆಯ ಇಯತ್ತೆಯಲ್ಲಿದ್ದೆ. ಸ್ಲ್ಯಾಬಿನ ಕೆಲಸವೆಲ್ಲ ನಿಂತು ಅಪ್ಪ ಮನೆಯಲ್ಲೇ ಉಳಿದ. ತಗಡಿನ ಒಂದು ಕೋಣೆಯಲ್ಲಿ ಕೆಲಸವಿಲ್ಲದ ಗೌಂಡಿಯೊಬ್ಬ ಇಡೀ ದಿನ ಕೂತರೆ ಉಳಿದವರ ಗತಿ ಏನಾಗುತ್ತದೆಂದು ಬಲ್ಲವರು ಬಲ್ಲರು. ಹಿಂದಿನ ಗೋಡೆ ಸೊಟ್ಟಗಿದೆ ಎಂದು ದಿನವೂ ಹೇಳುತ್ತಿದ್ದ. ಪಕ್ಕದಲ್ಲಿ ಮನೆಯೊಡತಿ ಒಣಮೀನು ಸುಡುವ ವಾಸನೆ ತಗಡಿನ ಸಂದಿಯಿಂದ ಒಳಗೆ ಬಂದು ಒದ್ದೆ ಹಾಸಿಗೆಯಲ್ಲಿ ಕೂಡುತ್ತಿತ್ತು. ಊರಿಂದ ತಂದ ಜೋಳದ ಹಿಟ್ಟು ಮುಗ್ಗಲು ಹಿಡಿದಿತ್ತು. ಬೆಳಿಗ್ಗೆ ಸೈಕಲ್ಲಿನವನು ಪೊಂ ಪೊಂ ಎನ್ನುತ್ತ ತರುತ್ತಿದ್ದ ಬಿಸಿ ಪಾವಿಗೆ ಶೇಂಗಾ ಹಿಂಡಿಯ ಚಟ್ನಿಪುಡಿ, ಎಣ್ಣೆ ಹಚ್ಚಿಕೊಂಡು ತಿನ್ನುತ್ತಿದ್ದೆವು. ಇದಕ್ಕಿಂತ ರುಚಿಯಾದದ್ದನ್ನು ನಾನು ಆಮೇಲೆ ತಿಂದಿಲ್ಲ.

ತಮ್ಮನಿಗೆ ಜ್ವರ ಬಂದಾಗ ಯಾರೂ ಗಾಬರಿಯಾಗಲಿಲ್ಲ. ಮಳೆ ನೀರಲ್ಲಿ ಆಡಿದ, ಜ್ವರ ಬಂತು. ಪೇಟೆಯ ಡಾಕ್ಟರು ಔಷಧ ಕೊಟ್ಟರು. ಇಳಿಯಿತು, ಮತ್ತೆ ಏರಿತು. ಆಮೇಲೆ ಕುತ್ತಿಗೆ ಬಗ್ಗಿಸಲು ಬಾರದೆ ಕಿರುಚತೊಡಗಿದ. ಮರುದಿನ ಮುಂಜಾನೆ ಕೈಕಾಲು ಸೆಟೆದು, ಕಣ್ಣು ಮೇಲಾಗಿ, ಬಾಯಲ್ಲಿ ನೊರೆ ಬಂತು. ಅಪ್ಪ ಅವನನ್ನು ಹೆಗಲಿಗೆ ಹಾಕಿಕೊಂಡು ಬರಿಗಾಲಲ್ಲಿ ರಸ್ತೆಗೆ ಓಡಿದ. ಅವ್ವ ನನ್ನನ್ನು ಮನೆಯೊಡತಿಯ ಹತ್ತಿರ ಬಿಡಬಹುದಿತ್ತು. ಬಿಡಲಿಲ್ಲ. ರಿಕ್ಷಾದಲ್ಲಿ ನನ್ನನ್ನೂ ಎಳೆದು ಕೂರಿಸಿಕೊಂಡಳು. ಯಾಕೆಂದು ನನಗೆ ಆಗಲೇ ಗೊತ್ತಿತ್ತು: ಆಸ್ಪತ್ರೆಯಲ್ಲಿ ಹೆಸರು ಕೇಳುತ್ತಾರೆ.

ಕೇಳಿದರು. ದೊಡ್ಡ ಆಸ್ಪತ್ರೆಯ ಕಿಟಕಿಯ ಹಿಂದಿದ್ದವರು ಮಗುವಿನ ಹೆಸರು, ಅಪ್ಪನ ಹೆಸರು ಕೇಳಿದಾಗ ಅಪ್ಪ ಡಾಕ್ಟರರ ಹಿಂದೆ ಒಳಗೆ ಹೋಗಿದ್ದ. ಅವ್ವ ನನ್ನ ಬೆನ್ನಿಗೆ ತಿವಿದಳು. ಆಗಲೂ ತಿವಿದಳೇ ಹೊರತು ಹೇಳಲಿಲ್ಲ. "ಸಂಗಮೇಶ ಹನಮಂತ" ಎಂದೆ. ಆ ಹೆಸರನ್ನು ನಾನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ಬೇರೆ ಯಾರದೋ ಹೆಸರು ಹೇಳಿದಂತಾಯಿತು.

ಮಿದುಳು ಜ್ವರ ಎಂದರು. ದೊಡ್ಡ ಬಾಗಿಲೊಂದರ ಹಿಂದೆ ಅವನನ್ನು ಮಲಗಿಸಿದರು. ಬಾಗಿಲ ಹೊರಗೆ ಉದ್ದನೆಯ ಪಡಸಾಲೆ, ಗೋಡೆಗುಂಟ ಕೂರುವ ಬಾಕುಗಳು. ಕಾಣಕೋಣದಿಂದ ಬಂದವರು, ಪೇಡಣೆಯಿಂದ ಬಂದವರು, ನಮ್ಮಂಥವರು, ಎಲ್ಲರೂ ಚಾಪೆ, ಛತ್ರಿ, ಥರ್ಮಾಸು ಇಟ್ಟುಕೊಂಡು ಕೂತಿದ್ದರು. ಫಿನೈಲಿನ ವಾಸನೆ, ಒಣಗದ ಬಟ್ಟೆಯ ವಾಸನೆ, ಯಾರೋ ಬಿಚ್ಚಿದ ಭಾಜಿಯ ವಾಸನೆ. ಬಾಗಿಲು ಕಾಯುವ ಮುದುಕ ವಾಚ್‌ಮನ್ ಒಬ್ಬನಿದ್ದ. ಅವನು ಬಾಗಿಲನ್ನು ಒಂದು ಗೇಣು ತೆರೆದು ಹೆಸರನ್ನು ಒಂದೇ ಸಲ ಕೂಗುತ್ತಿದ್ದ. ಎದ್ದು ಬಂದರೆ ಬಂದಿರಿ, ಇಲ್ಲದಿದ್ದರೆ ಬಾಗಿಲು ಹಾಕಿಕೊಳ್ಳುತ್ತಿತ್ತು.

"ಸಂಗಮೇಶಾಚೆಂ ಕೋಣ ಆಸಾ?" ಸಂಗಮೇಶನ ಕಡೆಯವರು ಯಾರಿದ್ದೀರಿ ಎಂದು ಅವನು ಮೊದಲ ಸಲ ಕೂಗಿದಾಗ ಅವ್ವ ಏಳಲಿಲ್ಲ. ಮಾವನ ಹೆಸರು ಕಿವಿಗೆ ಬಿದ್ದದ್ದೇ ತಲೆಯ ಮೇಲೆ ಸೆರಗು ಎಳೆದುಕೊಂಡು ಮುಖ ತಗ್ಗಿಸಿದಳು. ಬಾಗಿಲು ಹಾಕಿಕೊಂಡಿತು. ಚಹಾ ಕುಡಿದು ಬಂದ ಅಪ್ಪನಿಗೆ ನಾನು ಹೇಳಿದೆ.

"ನಮ್ಮನ್ನ ಕರದಿದ್ದರು. ಅವ್ವ ಏಳಲಿಲ್ಲ."

"ಯಾಕ, ಕಿವಿ ಹೋಗ್ಯಾವೇನ ನಿನಗ?" ಎಂದ ಅಪ್ಪ ಅವ್ವನಿಗೆ.

"ನೀವರ ಇಲ್ಲೆ ಕುಂದರಬೇಕಿತ್ತು. ಗಳಿಗಿಗೊಮ್ಮೆ ಚಹಾ, ಗಳಿಗಿಗೊಮ್ಮೆ ಚಹಾ."

"ಕುಂತ್ರ ಅವ ಆರಾಮ ಆಗತಾನೇನ?"

"ಚಹಾ ಕುಡದ್ರ ಆಗತಾನೇನ?"

ಆ ಪಡಸಾಲೆಯಲ್ಲಿ ನನ್ನ ಅಪ್ಪ ಅವ್ವ ಆಡಿಕೊಂಡ ಮಾತುಗಳಲ್ಲಿ ಬಹುಪಾಲು ಇಂಥವೇ. ಕಾಯುವುದೆಂದರೆ ಕೈಮುಗಿದು ಕಣ್ಣೀರು ಹಾಕುತ್ತ ಕೂರುವುದು ಎಂದು ತಿಳಿದವರು ಯಾವ ಆಸ್ಪತ್ರೆಯಲ್ಲೂ ಕಾದಿಲ್ಲ. ಕಾಯುವುದೆಂದರೆ ಜಗಳ. ಛತ್ರಿ ಎಲ್ಲಿಟ್ಟೆ ಎಂಬುದಕ್ಕೆ, ಚಾಪೆ ಯಾಕೆ ಅಲ್ಲಿ ಹಾಸಿದೆ ಎಂಬುದಕ್ಕೆ, ಪೇಟೆಯ ಡಾಕ್ಟರ ಹತ್ತಿರ ಹೋಗೋಣವೆಂದು ಮೊದಲು ಯಾರು ಹೇಳಿದರು ಎಂಬುದಕ್ಕೆ.

ಪಕ್ಕದ ಚಾಪೆಯಲ್ಲಿ ಗೋಕಾಕದ ಕಡೆಯ ಸಾವಂತ್ರವ್ವ ಎಂಬ ಹೆಂಗಸು ಕೂತಿದ್ದಳು. ಅವಳ ಮೊಮ್ಮಗಳು ಒಳಗಿದ್ದಳು. ಕನ್ನಡ ಕಿವಿಗೆ ಬಿದ್ದದ್ದೇ ಸರಿದು ಹತ್ತಿರ ಬಂದಳು.

"ಒಳಗ ಯಾರ ಅದಾರವಾ ನಿಮ್ಮವರು?"

"ನಮ್ಮ ಮುತ್ತ್ಯಾರಿ" ಎಂದಳು ಅವ್ವ.

"ಅಯ್ಯ ಶಿವನ, ವಯಸ್ಸಾದವರನ್ನ ಹುಡುಗೂರ ಕೋಣ್ಯಾಗ ಯಾಕ ಇಟ್ಟಾರ?"

ಅವ್ವ ನನ್ನ ಕಡೆ ನೋಡಿದಳು. ನಾನು ಬಿಡಿಸಿ ಹೇಳಿದೆ. ಸಾವಂತ್ರವ್ವ ನಗಬಾರದ ಜಾಗದಲ್ಲಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಅವ್ವನ ತುಟಿಯೂ ಒಂದು ಕ್ಷಣ ಅಲುಗಿತು.

ಮರುದಿನ ಜ್ವರ ಇಳಿಯಿತು. ಸೆಟೆತ ನಿಂತಿತು. ಆದರೆ ಅವನು ಏಳಲಿಲ್ಲ. ಒಳಗಿನ ಡಾಕ್ಟರು ಚಿಕ್ಕ ವಯಸ್ಸಿನ ಗೋವೆಯ ಹೆಂಗಸು. ಕೊಂಕಣಿ, ಹಿಂದಿ ಬೆರೆಸಿ ಮಾತಾಡುತ್ತಿದ್ದರು. ಅವರು ಹೊರಗೆ ಬಂದು ಅಪ್ಪನಿಗೆ ಹೇಳಿದರು, ಅಪ್ಪ ಅವ್ವನಿಗೆ ಹೇಳಿದ.

"ಏನಂತಾರ್ರಿ?"

"ಕರದ್ರ ಓ ಅನ್ನವಲ್ಲ ಅಂತ."

ಅಷ್ಟೇ. ಡಾಕ್ಟರು ಏನೆಂದು ಕರೆದರು ಎಂಬುದನ್ನು ಅಪ್ಪ ಹೇಳಲಿಲ್ಲ, ಯಾಕೆಂದರೆ ಅದನ್ನು ಹೇಳಬೇಕಾದರೆ ಅವನು ತನ್ನ ತಂದೆಯ ಹೆಸರು ಹೇಳಬೇಕಿತ್ತು. ಅವ್ವ ಕೇಳಲಿಲ್ಲ, ಯಾಕೆಂದರೆ ಕೇಳಬೇಕಾದರೆ ಅವಳು ಮಾವನ ಹೆಸರು ಹೇಳಬೇಕಿತ್ತು. ಬಾಗಿಲಲ್ಲಿ ಕೂಗುವುದು ಕಾಗದದ ಹೆಸರು, ಒಳಗೆ ಮಗುವನ್ನು ಮಾತಾಡಿಸುವಾಗ ಮನೆಯ ಹೆಸರಿನಿಂದಲೇ ಕರೆಯುತ್ತಾರೆ ಎಂದು ತಾನು ತಿಳಿದಿದ್ದೆ ಎಂದು ಆಮೇಲೆ ಅವಳು ಹೇಳಿದಳು. ಮನೆಯ ಹೆಸರು ಒಳಗಿನವರಿಗೆ ಯಾರು ಹೇಳಿದ್ದರು ಎಂದು ಆಗ ಅವಳು ಯೋಚಿಸಲಿಲ್ಲ. ನನಗೂ ಹೊಳೆಯಲಿಲ್ಲ. 'ಕರೆದರೆ ಓ ಅನ್ನುತ್ತಿಲ್ಲ' ಎಂಬ ಮಾತು ಕೇಳಿದ ಮೇಲೆ ಬೇರೆ ಯಾವ ಮಾತೂ ತಲೆಗೆ ಹೋಗುತ್ತಿರಲಿಲ್ಲ.

ದಿನಕ್ಕೊಮ್ಮೆ ಒಬ್ಬರನ್ನು ಒಳಗೆ ಬಿಡುತ್ತಿದ್ದರು. ಮೊದಲ ಸಲ ಅಪ್ಪ ಹೋದ. ಹೋದಷ್ಟೇ ಬೇಗ ಹೊರಗೆ ಬಂದು, ನಳದ ಕೆಳಗೆ ತಲೆ ಹಿಡಿದು ಬಹಳ ಹೊತ್ತು ನಿಂತ. ಆಮೇಲೆ ಹೋಗಲಿಲ್ಲ. ಅವ್ವ ಹೋದಳು. ಬಾಯಿಗೆ ಮುಖವಾಡ ಕಟ್ಟಿಸಿ, ತುಟಿಯ ಮೇಲೆ ಬೆರಳಿಟ್ಟು ನರ್ಸು ತೋರಿಸಿದರಂತೆ: ಸದ್ದಿಲ್ಲ. ಅವ್ವ ಕಾಲ ಕಡೆ ನಿಂತು ನೋಡಿ ಬಂದಳು.

"ಒಂದ ಮಾತರ ಆಡಿಸಬೇಕಿತ್ತಿಲ್ಲ?" ಎಂದ ಅಪ್ಪ.

"ಮಾತಾಡಬ್ಯಾಡ ಅಂದರು."

"ಅವರು ಅಂದರಂತ ಸುಮ್ಮನ ಬಂದಿ."

"ಹಂಗಿದ್ರ ನೀವ ಹೋಗ್ರಿ. ನಳದಾಗ ತಲಿ ಇಡಾಕ ಇಲ್ಲಿಗೆ ಬಂದೀರೇನ?"

ಅಪ್ಪ ಎದ್ದು ಹೊರಗೆ ಹೋದ. ಈ ಸಲ ಅವನು ಚಹಾಕ್ಕೆ ಹೋಗಲಿಲ್ಲ ಎಂದು ನಾನು ನೋಡಿದೆ. ಮೆಟ್ಟಿಲ ಮೇಲೆ ಕೂತು ಮಳೆ ನೋಡುತ್ತಿದ್ದ.

ಅದರ ಮರುದಿನ ಬೆಳಿಗ್ಗೆ ಡಾಕ್ಟರು ಮತ್ತೆ ಬಂದರು. ಕರೆದರೂ ಎಚ್ಚರಾಗುತ್ತಿಲ್ಲ, ಉಸಿರು ಸಣ್ಣಗಾಗುತ್ತಿದೆ, ನಾಳೆಯೂ ಹೀಗೇ ಇದ್ದರೆ ಗಂಟಲಿಗೆ ನಳಿಗೆ ಹಾಕಿ ಯಂತ್ರದ ಮೇಲೆ ಇಡಬೇಕಾಗುತ್ತದೆ, ಆಮೇಲಿನದನ್ನು ಈಗಲೇ ಹೇಳಲಾಗದು ಎಂದರು. ಈ ಸಲ ಅಪ್ಪ ಅದನ್ನು ಅವ್ವನಿಗೆ ಕನ್ನಡದಲ್ಲಿ ಹೇಳಬೇಕಾಗಲಿಲ್ಲ. ಯಂತ್ರದ ಮೇಲೆ ಹೋದ ಕೂಸುಗಳ ಸುದ್ದಿ ಪಡಸಾಲೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಸಾವಂತ್ರವ್ವ ಅವ್ವನ ಕೈ ಹಿಡಿದು ಕೂತಳು. ಇಬ್ಬರೂ ಬಾಗಿಲನ್ನೇ ನೋಡುತ್ತಿದ್ದರು.

ಆಯಿಗೆ ಮೊದಲ ದಿನವೇ ಊರಿನ ಕಿರಾಣಿ ಅಂಗಡಿಗೆ ಫೋನು ಮಾಡಿ ಹೇಳಿಸಿದ್ದರು. ಅವಳು ಹತ್ತಿದ ಬಸ್ಸು ಘಟ್ಟದಲ್ಲಿ ಮೊಲೆಂ ಹತ್ತಿರ ಮರ ಬಿದ್ದು ನಿಂತುಬಿಟ್ಟಿತ್ತು. ಅಪ್ಪ ಬಸ್‌ಸ್ಟ್ಯಾಂಡಿಗೂ ಆಸ್ಪತ್ರೆಗೂ ಅಲೆದು, ಮಧ್ಯಾಹ್ನದ ಊಟದ ಹೊತ್ತಿಗೆ ಅವಳನ್ನು ಕರೆತಂದ. ಮೊಳಕಾಲವರೆಗೂ ಕೆಂಪು ಕೆಸರು, ಕಂಕುಳಲ್ಲಿ ರೊಟ್ಟಿಯ ಗಂಟು. ಬಂದವಳೇ ಮಗನನ್ನೂ ಸೊಸೆಯನ್ನೂ ಮಾತಾಡಿಸದೆ ಬಾಗಿಲಿಗೆ ಹೋದಳು.

"ಎಲ್ಲಿ ಅದಾನ ನನ್ನ ಗಂಡ?"

ಅವಳು ಅವನನ್ನು ಕರೆಯುತ್ತಿದ್ದದ್ದೇ ಹಾಗೆ. ಮುತ್ತ್ಯಾ, ಇಲ್ಲವೇ ನನ್ನ ಗಂಡ. ವಾಚ್‌ಮನ್ ಕೈ ಅಡ್ಡ ಹಿಡಿದ. ಹೊತ್ತು ಮುಗಿದಿದೆ, ನಾಳೆ ಬನ್ನಿ ಎಂದು ಕೊಂಕಣಿಯಲ್ಲಿ ಹೇಳಿದ. ಅಪ್ಪ ಹಿಂದಿಯಲ್ಲಿ ಬೇಡಿಕೊಂಡ. ಆಯಿ ಕನ್ನಡದಲ್ಲಿ ಬೈದಳು. ಮೂರು ಭಾಷೆಯ ಜಗಳ ಒಂದಿಷ್ಟು ಹೊತ್ತು ನಡೆದು, ಯಾರಿಗೂ ಯಾರದೂ ಪೂರ್ತಿ ತಿಳಿಯದೆ ನಿಂತಿತು. ಆಯಿ ಬಾಗಿಲ ಪಕ್ಕದಲ್ಲೇ ನೆಲಕ್ಕೆ ಕೂತಳು. "ಕುಂತ್ರ ಇವಂದೇನ ಹೋಗತೈತಿ?" ಎಂದು ವಾಚ್‌ಮನ್ನನ ಕಡೆ ಬೊಟ್ಟು ಮಾಡಿದಳು.

ಸ್ವಲ್ಪ ಹೊತ್ತಿಗೆ ಆಕ್ಸಿಜನ್ನಿನ ದೊಡ್ಡ ಸಿಲಿಂಡರು ಹೊತ್ತ ತಳ್ಳುಗಾಡಿ ಬಂತು. ಬಾಗಿಲಿನ ಎರಡೂ ಕದ ತೆರೆಯಬೇಕಾಯಿತು. ಆಯಿ ಎದ್ದಳು. ಒಳಗೆ ಕಾಲಿಡಲಿಲ್ಲ, ಬಾಗಿಲ ಚೌಕಟ್ಟು ಹಿಡಿದು ಕುತ್ತಿಗೆ ಮಾತ್ರ ಒಳಗೆ ಚಾಚಿ, ಹೊಲದ ಆಚೆ ಬದಿಯಲ್ಲಿರುವವರನ್ನು ಕರೆಯುವ ದನಿಯಲ್ಲಿ ಕೂಗಿದಳು.

"ಏ ಮುತ್ತ್ಯಾ! ಏ ನನ್ನ ಗಂಡ! ನಾ ಬಂದೀನಿ ಏಳೋ! ಹೇಣ್ತಿ ಬಾಗಲದಾಗ ನಿಂತಾಳ, ಮಕ್ಕೊಂಡಾನ ನೋಡ ಭಾಡ್ಯಾ!"

ಪಡಸಾಲೆಯ ಎಲ್ಲರೂ ತಿರುಗಿ ನೋಡಿದರು. ವಾಚ್‌ಮನ್ ಅವಳ ತೋಳು ಹಿಡಿದ. ಅಪ್ಪ ವಾಚ್‌ಮನ್ನನ ತೋಳು ಹಿಡಿದ. ಅವ್ವ ನಾಚಿಕೆಯಿಂದ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಒಳಗಿನಿಂದ ನರ್ಸು ಧಾವಿಸಿ ಬಂದರು.

"ಕೋಣ್ ಬೋಬ್ ಮಾರತಾ ಹಾಂಗಾ?" ಇಲ್ಲಿ ಕೂಗಾಡುವವರು ಯಾರು, ಇದು ಮೀನಿನ ಮಾರುಕಟ್ಟೆಯೇ, ಎಂದು ಶುರು ಮಾಡಿ ಚೆನ್ನಾಗಿ ಬೈದರು. ಕದ ಎಳೆದುಕೊಂಡು ಹೋದರು.

ಆಮೇಲೆ ಕದ ಮತ್ತೆ ತೆರೆಯಿತು. ಅದೇ ನರ್ಸು. ಈ ಸಲ ಮೆಲ್ಲಗೆ ಕೇಳಿದರು: ಈ ಅಜ್ಜಿ ಏನೆಂದು ಕೂಗಿದಳು? ಹಿಂದೆಯೇ ಡಾಕ್ಟರು ಬಂದರು. ಮಗು ಕಣ್ಣು ತೆರೆದಿದ್ದಾನೆ, ಬಾಗಿಲ ಕಡೆ ತಲೆ ತಿರುಗಿಸಿದ್ದಾನೆ, ಏನೋ ಅಂದ. ಇವನಿಗೆ ಮನೆಯಲ್ಲಿ ಬೇರೆ ಹೆಸರಿದೆಯೇ?

ಹೆಸರು ಹೇಳುವ ಕೆಲಸ ನನ್ನದಾದ್ದರಿಂದ ನಾನೇ ಹೇಳಿದೆ. "ಮುತ್ತ್ಯಾ."

ಡಾಕ್ಟರು ಅಪ್ಪನ ಕಡೆ ತಿರುಗಿದರು. ಅವರ ಮುಖ ಕೆಂಪಾಗಿತ್ತು. "ನಿನ್ನೆ ಇದನ್ನೇ ಕೇಳಲಿಲ್ಲವೇ ನಾನು? ಮನೆಯಲ್ಲಿ ಏನೆಂದು ಕರೆಯುತ್ತೀರಿ ಎಂದು ನಿಮ್ಮನ್ನೇ ಕೇಳಲಿಲ್ಲವೇ?" ಎಂದು ಹಿಂದಿಯಲ್ಲಿ ಕೇಳಿದರು. "ಅದೇ ಹೆಸರು, ಮನೆಯಲ್ಲೂ ಅದೇ ಎಂದಿರಿ!"

ಉತ್ತರಕ್ಕೆ ಕಾಯದೆ ನರ್ಸಿನ ಜೊತೆ ಒಳಗೆ ಓಡಿದರು. ಆ ಹೊಸ ಪದವನ್ನು ಬಾಯಲ್ಲಿ ಹೊಂದಿಸಿಕೊಳ್ಳುತ್ತ ಹೋದದ್ದು ನಮಗೆ ಕೇಳಿಸಿತು.

ಅಪ್ಪನ ಕಡೆ ಅವ್ವ ನೋಡಿದಳು.

"ಕೇಳಿದ್ರಾ ಅವರು?"

"ಕೇಳಿದ್ರು."

"ಮತ್ತ?"

"ಮತ್ತೇನ ಮತ್ತ? ಅಷ್ಟ ಓದಿದಾಕಿ ಮುಂದ, ನಾಕ ವರ್ಷದ ಹುಡುಗಗ ಮನ್ಯಾಗ ಮುದುಕಾ ಅಂತೀವಿ ಅಂತ ಹೇಳಬೇಕಿತ್ತೇನ? ನಗತಿರಲಿಲ್ಲೇನ? ತನ್ನ ಹೆಸರು ತನಗ ಗೊತ್ತಿರತೈತಿ ಅಂತ ತಿಳಕೊಂಡೆ."

"ಹ್ಯಾಂಗ ಗೊತ್ತಿರತೈತಿ?" ಅವ್ವ ಎದ್ದು ನಿಂತಳು. ಸೆರಗು ತಲೆಯಿಂದ ಜಾರಿತು, ಎಳೆದುಕೊಳ್ಳಲಿಲ್ಲ. "ಯಾರ ಕರದೀರಿ ಅವಗ ಆ ಹೆಸರಲೆ? ನೀವ ಕರದೀರಾ? ನಾ ಕರದೀನಾ? ಸಂಗಮೇಶ, ಸಂಗಮೇಶ ಅಂತ ಇವರು ಎರಡ ದಿನ ಕೂಗಿದ್ರ, ನನ್ನ ಕೂಸಿಗೆ ಅದು ಯಾರಂತ ತಿಳೀಬೇಕು? ನಾಳೆ ಗಂಟಲಾಗ ನಳಗಿ ಹಾಕತಿದ್ರು. ಸಂಗಮೇಶ ಅಂತ ಸಂಗಮೇಶ!"

ಅಪ್ಪ ಬಾಯಿ ತೆರೆದು ಹಾಗೇ ನಿಂತ. ಅವನಿಗೆ ಬೈದದ್ದಕ್ಕಲ್ಲ, ಬೈಗುಳ ಅವನಿಗೆ ಅಭ್ಯಾಸವಾಗಿತ್ತು. ಅವ್ವ ಆ ಹೆಸರು ಹೇಳಿದ್ದಳು, ಅದೂ ಅತ್ತೆಯ ಎದುರಿಗೆ, ಬೈಗುಳದ ನಡುವೆ. ಅವಳಿಗೂ ಆಮೇಲೆ ತಿಳಿಯಿತು. ಕೈ ತಾನಾಗಿ ಸೆರಗಿಗೆ ಹೋಯಿತು. ನಾನು ಆಯಿಯ ಮುಖ ನೋಡಿದೆ.

ಆಯಿ ತನ್ನ ಕೆಸರುಗಾಲುಗಳನ್ನು ನೋಡಿಕೊಳ್ಳುತ್ತಿದ್ದಳು.

"ಅಂದಬಿಡ ನೀಲವ್ವಾ" ಎಂದಳು ಕಡೆಗೆ. "ಅವರೇನ ಎದ್ದ ಬರೂದಿಲ್ಲ. ಏಳಬೇಕಾದಾಂವ ಒಳಗದಾನ."

ಆಮೇಲೆ ರೊಟ್ಟಿಯ ಗಂಟು ಬಿಚ್ಚಿ, ಮೊದಲ ರೊಟ್ಟಿಯನ್ನು ವಾಚ್‌ಮನ್ನನಿಗೇ ಕೊಟ್ಟಳು. ಅವನು ಬೇಡವೆನ್ನಲಿಲ್ಲ.

ಇಲ್ಲಿ ಒಂದು ಮಾತು ಸ್ಪಷ್ಟವಾಗಿ ಹೇಳಬೇಕು. ಆಯಿ ಕೂಗಿ ಬದುಕಿಸಿದಳು ಎಂಬ ಕಥೆ ನಮ್ಮ ನೆಂಟರಲ್ಲಿ ಇಂದಿಗೂ ಓಡಾಡುತ್ತಿದೆ. ಅದು ಸರಿಯಲ್ಲ. ಅವನನ್ನು ಬದುಕಿಸಿದ್ದು ಔಷಧ, ಮತ್ತು ಅದನ್ನು ಹೊತ್ತು ತಪ್ಪದೆ ಕೊಟ್ಟವರು. ಹಿಂದಿನ ದಿನವೇ ಮುತ್ತ್ಯಾ ಎಂದು ಕರೆದಿದ್ದರೆ ಕಣ್ಣು ತೆರೆಯುತ್ತಿದ್ದನೇ ಎಂದು ನಾನು ದೊಡ್ಡವಳಾದ ಮೇಲೆ ಒಬ್ಬ ಡಾಕ್ಟರನ್ನು ಕೇಳಿದ್ದೇನೆ. ತೆರೆಯುತ್ತಿದ್ದಿರಬಹುದು, ಇಲ್ಲದೆಯೂ ಇರಬಹುದು, ಸೆಟೆತಕ್ಕೆ ಕೊಟ್ಟ ಔಷಧದ ಮಂಪರೂ ಇತ್ತಲ್ಲ ಎಂದರು. ಖಚಿತವಾಗಿ ಹೇಳಬಹುದಾದದ್ದು ಇಷ್ಟು: ಗಂಟಲಿಗೆ ನಳಿಗೆ ಹಾಕಲಿಲ್ಲ. ಸಂಜೆಯ ಹೊತ್ತಿಗೆ ಅವನು ನೀರು ಕೇಳಿದ.

ಅವ್ವನಿಗೆ ಇಂಥ ಅನುಮಾನ ಯಾವುದೂ ಇರಲಿಲ್ಲ. ತನ್ನ ಮಗ ಹೆಸರಿಲ್ಲದ ಕಾರಣಕ್ಕೆ ಸಾಯುತ್ತಿದ್ದ ಎಂದು ಅವಳು ತೀರ್ಮಾನಿಸಿಬಿಟ್ಟಿದ್ದಳು. ಅವನನ್ನು ಸಾದಾ ವಾರ್ಡಿಗೆ ತಂದ ದಿನದಿಂದಲೇ ಪಾಠ ಶುರುವಾಯಿತು.

"ನಿನ್ನ ಹೆಸರೇನ?"

"ಮುತ್ತ್ಯಾ."

"ಅಲ್ಲ. ಸಂಗಮೇಶ. ಅನ್ನ."

"ನಾ ಮುತ್ತ್ಯಾ."

"ಮುತ್ತ್ಯಾ ಸತ್ತಾನ. ನೀ ಸಂಗಮೇಶ. ಅನ್ನಂದ್ರ ಅನ್ನ."

ಅವನು ಅಳುತ್ತಿದ್ದ. ಕುತ್ತಿಗೆ ಇನ್ನೂ ಸರಿಯಾಗಿ ನಿಲ್ಲುತ್ತಿರಲಿಲ್ಲ. ಬೆಲ್ಲದ ಚೂರು ತೋರಿಸಿ ಹೇಳಿಸುತ್ತಿದ್ದಳು, ಹೇಳದಿದ್ದರೆ ಅದನ್ನು ಸೆರಗಿಗೆ ಕಟ್ಟಿಕೊಳ್ಳುತ್ತಿದ್ದಳು. ಮಗುವನ್ನು ಮಲಗಲು ಬಿಡಿ ಎಂದು ವಾರ್ಡಿನ ನರ್ಸು ಎರಡು ಸಲ ಬೈದರು. ಪಕ್ಕದ ಹಾಸಿಗೆಯವರು ಸಂಗಮೇಶ, ಸಂಗಮೇಶ ಎಂದು ಕೇಳಿ ಕೇಳಿ ಬೇಸತ್ತು ಜಾಗ ಬದಲಿಸಿಕೊಂಡರು. ಅವ್ವ ಬಿಡಲಿಲ್ಲ. ಅವನು ಉಣ್ಣುವಾಗ ಬೆನ್ನ ಹಿಂದಿನಿಂದ "ಸಂಗಮೇಶಾ!" ಎಂದು ಕೂಗಿ, ತಿರುಗಿ ನೋಡುತ್ತಾನೋ ಇಲ್ಲವೋ ಎಂದು ಪರೀಕ್ಷೆ ಮಾಡುತ್ತಿದ್ದಳು. ಒಂದು ದಿನ ತಿರುಗಿ ನೋಡಿ "ಓ" ಎಂದ. ಅವ್ವ ಅಂದು ಮೊದಲ ಸಲ ಅತ್ತಳು. ಬಾಗಿಲ ಹೊರಗೆ ಕಾದಷ್ಟು ದಿನವೂ ಅತ್ತಿರಲಿಲ್ಲ.

ಮನೆಗೆ ಬಂದ ಮೇಲೆ ಅದು ಕಾನೂನಾಯಿತು. ಮುತ್ತ್ಯಾ ಎಂದವರಿಗೆ ಚಹಾ ಇಲ್ಲ. ನಾನು ಎರಡು ಸಲ ಚಹಾ ಕಳೆದುಕೊಂಡೆ. ಅಪ್ಪ ತಂದೆಯ ಹೆಸರು ಹೇಳಲಾರದೆ ಮೊದಮೊದಲು "ಏ ಇಂವನ" ಎಂದು ಕರೆಯುತ್ತಿದ್ದ. ಆಮೇಲೆ ಅವನ ನಾಲಿಗೆಯೂ ಹೊರಳಿತು. ಮಳೆ ನಿಂತು ಕೆಲಸ ಶುರುವಾದ ದಿನ ಚೀಲ ಹೆಗಲಿಗೇರಿಸಿ ಬಾಗಿಲಲ್ಲಿ ನಿಂತ. ಯಾರನ್ನು ಕೇಳಿ ಹೋಗಬೇಕೆಂದು ತಿಳಿಯದೆ ಗೋಡೆಯ ಕಡೆ ನೋಡಿ, "ಬರ್ತೀನಿ" ಎಂದು ಹೊರಟುಹೋದ. ತಮ್ಮ ಶಾಲೆಗೆ ಸೇರಿದ ವರ್ಷ, ಪಾಟಿ ಒಡೆದುಕೊಂಡು ಬಂದದ್ದಕ್ಕೆ ಅಪ್ಪ ಅವನ ಕೆನ್ನೆಗೆ ಹೊಡೆದ. ಅಲ್ಲಿಯವರೆಗೆ ಅವನಿಗೆ ಯಾರೂ ಹೊಡೆದದ್ದಿಲ್ಲ, ನನ್ನ ಆ ಒಂದು ಏಟನ್ನು ಬಿಟ್ಟರೆ. ತಮ್ಮ ಅಳಲಿಲ್ಲ. ಬಹಳ ಹೊತ್ತು ಅಪ್ಪನನ್ನೇ ನೋಡಿದ. ಅಪ್ಪ ತನ್ನ ಕೈ ನೋಡಿಕೊಂಡ. ತಮ್ಮ ಈಗ ಎಲ್ಲರಂತೆ ಒಬ್ಬ ಹುಡುಗನಾಗಿದ್ದ.

ಈಗ ನಮ್ಮ ಮನೆಯಲ್ಲಿ ಎಲ್ಲರೂ ಎಲ್ಲರ ಹೆಸರನ್ನೂ ಹೇಳುತ್ತಾರೆ. ಬ್ಯಾಂಕಿನಿಂದ ಫೋನು ಬಂದರೆ ಅವ್ವ ಗಂಡನ ಹೆಸರು, ಮಾವನ ಹೆಸರು, ಅಡ್ಡಹೆಸರು ಎಲ್ಲವನ್ನೂ ಉಸಿರು ತೆಗೆದುಕೊಳ್ಳದೆ ಹೇಳಿ ಮುಗಿಸುತ್ತಾಳೆ. ತಮ್ಮ ಮ್ಹಾಪಸಾದಲ್ಲೇ ಟೈಲ್ಸ್ ಅಂಗಡಿ ನೋಡಿಕೊಳ್ಳುತ್ತಾನೆ. ಗಿರಾಕಿಗಳು ಸಂಗಮೇಶಭಾಯ್ ಎನ್ನುತ್ತಾರೆ, ಅವನ ಹೆಂಡತಿ ಸಂಗಮೇಶ್ ಎನ್ನುತ್ತಾಳೆ. ಇದರಲ್ಲಿ ದೂರುವಂಥದ್ದು ಏನೂ ಇಲ್ಲ. ಹೆಸರು ಹೇಳದ ಆ ನೇಮಕ್ಕಾಗಿ ನನ್ನ ಅರ್ಧ ಬಾಲ್ಯ ತಿವಿಸಿಕೊಳ್ಳುವುದರಲ್ಲೇ ಹೋಯಿತು. ಅದು ಹೋದದ್ದು ಒಳ್ಳೆಯದೇ ಎಂದು ಯಾರು ಕೇಳಿದರೂ ಹೇಳುತ್ತೇನೆ. ಆದರೆ ಕಳೆದದ್ದನ್ನು ಕಳೆಯಲಿಲ್ಲ ಎಂದು ಬರೆಯಲು ಬರುವುದಿಲ್ಲ. ನಾಲ್ಕು ವರ್ಷದ ಹುಡುಗನೊಬ್ಬನ ಅಪ್ಪಣೆ ಪಡೆದು ಅಪ್ಪ ಕೆಲಸಕ್ಕೆ ಹೋಗುತ್ತಿದ್ದ ಮನೆ ಅದು. ಈಗ ಯಾರೂ ಯಾರನ್ನೂ ಕೇಳದೆ ಚಪ್ಪಲಿ ಮೆಟ್ಟುತ್ತೇವೆ.

ಆಯಿ ಆಸ್ಪತ್ರೆಯಿಂದ ಹಾಗೇ ಊರಿಗೆ ಹೋಗಿ, ಒಂದು ವರ್ಷ ಬಿಟ್ಟು ಮತ್ತೆ ಬಂದಳು. ನಾವೆಲ್ಲ ಸಂಗಮೇಶ ಎನ್ನುವುದನ್ನು ಒಂದಿಡೀ ದಿನ ಸುಮ್ಮನೆ ಕೇಳಿದಳು. ಅವ್ವನ ಕಾನೂನು ಅವಳಿಗೆ ಯಾರೂ ಹೇಳಿರಲಿಲ್ಲ, ಹೇಳಬೇಕಾಗಲೂ ಇಲ್ಲ. ಆ ಹೆಸರು ಹೇಳಲು ಅವಳಿಗೆ ಬಾಯಿ ಬರುವಂತಿರಲಿಲ್ಲ, ಬೇರೆ ಹೆಸರು ಉಳಿದಿರಲಿಲ್ಲ. ಸಂಜೆ ಅಂಗಳದಲ್ಲಿ ಗೋಲಿ ಆಡುತ್ತಿದ್ದ ಅವನನ್ನು ಉಣ್ಣಲು ಕರೆಯಬೇಕಾಯಿತು. ಹೊಸ್ತಿಲಲ್ಲಿ ನಿಂತು ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಊರಿನ ಯಾರ ಮನೆಯ ಹುಡುಗನನ್ನಾದರೂ ಕರೆಯುವಂತೆ, "ಏ ತಮ್ಮಾ" ಎಂದಳು.

"ಏ ತಮ್ಮಾ, ಊಟಕ್ಕ ಬಾ."